ಎರಿ ಹೊಲದ ಕಡೆಯಿಂದ ಒಂದು ತಕರಾರು

ಏಸು ಹೇಳಿದ ಕತೆಗಳಲ್ಲಿ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲದ ಕತೆ ಅಂದ್ರೆ ಬಿತ್ತುವವನದು. ನಮ್ಮ ಕಡೆ ಅಂದ್ರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಕೃಷ್ಣಾ, ಘಟಪ್ರಭಾ ಹರಿಯುವ ಎರಿ ಹೊಲಗಳ ಸೀಮೆ. ಇಲ್ಲಿ ಕ್ರೈಸ್ತರು ತೀರ ಕಡಿಮೆ, ಆದರೆ ಬಿತ್ತನೆ ಗೊತ್ತಿಲ್ಲದವರು ಯಾರೂ ಇಲ್ಲ.

ಕತೆ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ಮತ್ತಾಯ, ಲೂಕ ಇಬ್ಬರೂ ಅದನ್ನ ಹೇಳುತ್ತಾರೆ. ಒಬ್ಬ ರೈತ ಬಿತ್ತಲಿಕ್ಕೆ ಹೋದ. ಒಂದಿಷ್ಟು ಬೀಜ ದಾರಿ ಮೇಲೆ ಬಿದ್ದು ಹಕ್ಕಿಗಳ ಪಾಲಾಯಿತು. ಒಂದಿಷ್ಟು ಕಲ್ಲುನೆಲದಲ್ಲಿ ಬಿದ್ದು ಬೇಗ ಮೊಳೆತು ಬಿಸಿಲಿಗೆ ಒಣಗಿತು. ಒಂದಿಷ್ಟನ್ನ ಮುಳ್ಳುಕಂಟಿ ನುಂಗಿತು. ಒಳ್ಳೆ ನೆಲದಲ್ಲಿ ಬಿದ್ದದ್ದು ಮಾತ್ರ ಮೂವತ್ತು, ಅರವತ್ತು, ನೂರು ಪಟ್ಟು ಬೆಳೆ ಕೊಟ್ಟಿತು. ಸ್ವಲ್ಪ ಮುಂದೆ, ಶಿಷ್ಯರು ಕೇಳಿದ್ದಕ್ಕೆ, ಇದರ ಅರ್ಥವೂ ಬರುತ್ತದೆ: ಬೀಜ ಅಂದ್ರೆ ದೇವರ ಮಾತು, ನೆಲ ಅಂದ್ರೆ ಕೇಳುವ ಜನ. ಕೇಳಿದ ಕೂಡಲೇ ಸೈತಾನನಿಗೆ ಕಳೆದುಕೊಳ್ಳುವವರು, ಖುಷಿಯಿಂದ ಒಪ್ಪಿ ಕಷ್ಟ ಬಂದಾಗ ಬಿಡುವವರು, ಬದುಕಿನ ಚಿಂತೆ ಮತ್ತು ಹಣದ ಮೋಹದಲ್ಲಿ ಮುಳುಗುವವರು, ಕೊನೆಗೆ ಕೇಳಿ ಫಲ ಕೊಡುವವರು. ಸುವಾರ್ತೆಗೆ ಜನ ಹೇಗೆ ಪ್ರತಿಕ್ರಿಯಿಸುತ್ತಾರೆ ಅನ್ನುವ ಪ್ರಸಂಗಗಳೆಲ್ಲ ಎರಡು ಸಾವಿರ ವರ್ಷದಿಂದ ಈ ನಾಲ್ಕು ಖಾನೆಗಳ ಮೇಲೇ ನಿಂತಿವೆ. ಪ್ರಸಂಗದ ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ನೀವು ಯಾವ ನೆಲ?

ನನ್ನ ತಕರಾರು ಈ ಪ್ರಶ್ನೆಯ ಬಗ್ಗೆ. ಕತೆಯ ಬಗ್ಗೆ ಅಲ್ಲ.

ಈ ಕತೆಯನ್ನ ನಮ್ಮೂರಿನ ಹಿರಿಯರೊಬ್ಬರಿಗೆ ಹೇಳಿದರೆ ಅವರು ಮೊದಲು ಕೇಳೋದು ನೆಲದ ಬಗ್ಗೆ ಅಲ್ಲ. "ಇಂವ ಎಂಥಾ ರೈತಪ್ಪಾ, ಹಾದ್ಯಾಗ ಬೀಜ ಚೆಲ್ಲಾಕತ್ತಾನ?" ಅಂತ ಕೇಳುತ್ತಾರೆ. ಯಾಕಂದ್ರೆ ನಮ್ಮಲ್ಲಿ ಹಿಂಗಾರಿ ಜೋಳವನ್ನ ಕೈಯಿಂದ ಎರಚಲ್ಲ, ಕೂರಿಗಿಯಿಂದ ಬಿತ್ತುತ್ತಾರೆ. ಕಾಳು ಕೂರಿಗಿ ಬಟ್ಟಲಿಗೆ ಬಿದ್ದು, ಕೊಳವಿಯಿಂದ ಇಳಿದು, ಸಾಲಿನಲ್ಲೇ ಬೀಳಬೇಕು. ಹಾದಿಗೆ ಬಿದ್ದರೆ ತಪ್ಪು ಹಾದಿಯದಲ್ಲ, ಬಿತ್ತಿದವನದು. ಏಸುವಿನ ನಾಡಿನಲ್ಲಿ ಮೊದಲು ಎರಚಿ ಆಮೇಲೆ ಉಳುವ ಪದ್ಧತಿ ಇತ್ತು ಅಂತ ಯೋಆಖಿಮ್ ಯೆರೆಮಿಯಾಸ್ ಅನ್ನುವ ಜರ್ಮನ್ ವಿದ್ವಾಂಸ ವಾದಿಸಿದ್ದಾನೆ. ಆ ಲೆಕ್ಕದಲ್ಲಿ ಕತೆಯ ರೈತ ದಡ್ಡನಲ್ಲ. ಕತೆಗೆ ಅಂಟಿಕೊಂಡ ವಿವರಣೆ ಏಸುವಿನದಲ್ಲ, ಆಮೇಲಿನ ಸಭೆಯದು ಅಂತಲೂ ಅವನಂಥ ಹಲವು ವಿದ್ವಾಂಸರು ಹೇಳುತ್ತಾರೆ. ಅದನ್ನ ತೀರ್ಮಾನಿಸೋಕೆ ನಾನು ಯಾರೂ ಅಲ್ಲ. ಆದರೆ ಕತೆ ಮತ್ತು ವಿವರಣೆ ಒಂದೇ ಮಾತು ಹೇಳುತ್ತಿಲ್ಲ ಅನ್ನೋದಕ್ಕೆ ಎರಿ ಹೊಲದ ಬದುವಿನ ಮೇಲೆ ನಿಂತು ಓದಿದರೂ ಸಾಕು. ನಾಲ್ಕೂ ನೆಲಗಳನ್ನ ಒಂದೊಂದಾಗಿ ನೋಡೋಣ.

ಮೊದಲು ದಾರಿ. ಹೊಲದ ನಡುವಿನ ಬಂಡಿದಾರಿಯ ಮಣ್ಣು ಬೇರೆ ಜಾತಿಯ ಮಣ್ಣಲ್ಲ. ಅದೂ ಎರಿಯೇ. ಅದು ಗಟ್ಟಿಯಾಗಿದ್ದು ಸ್ವಭಾವದಿಂದಲ್ಲ, ತುಳಿದದ್ದರಿಂದ. ವಿವರಣೆ ಈ ಮಾತನ್ನ ಹೇಳೋದಿಲ್ಲ. ಭಾರತದ ಇತಿಹಾಸವಂತೂ ವಿವರಣೆಯನ್ನ ತಲೆಕೆಳಗು ಮಾಡಿದೆ. ಇಲ್ಲಿ ಸುವಾರ್ತೆ ಅತಿ ಹೆಚ್ಚು ಬೇರುಬಿಟ್ಟಿದ್ದು ಅತಿ ಹೆಚ್ಚು ತುಳಿಸಿಕೊಂಡ ನೆಲದಲ್ಲಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಮೆಥಡಿಸ್ಟ್ ಮಿಷನ್ ಬೆಳೆದದ್ದು ಮುಖ್ಯವಾಗಿ ಮಾದಿಗ ಕೇರಿಗಳಲ್ಲಿ. ಆಂಧ್ರದ ಒಂಗೋಲು ಸೀಮೆಯಲ್ಲಿ 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ತಗೊಂಡರು. ಅವರಲ್ಲೂ ಹೆಚ್ಚಿನವರು ಮಾದಿಗರು.

"ಬರಗಾಲ ಇತ್ತಲ್ಲ, ಗಂಜಿಗೋಸ್ಕರ" ಅಂತ ನೀವು ಅನ್ನಬಹುದು. ಬರ ಇದ್ದದ್ದು ನಿಜ. 1876-78ರ ಆ ಬರ ನಮ್ಮ ಕಲಾದಗಿ ಜಿಲ್ಲೆಯನ್ನೂ ಹಾಸಿ ಮಲಗಿಸಿತ್ತು. ಆದರೆ ಅಲ್ಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಫ್, ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಜನರಿಗೆ ಕೆಲಸ ಕೊಡಿಸುತ್ತಿದ್ದ ಬರದ ತಿಂಗಳುಗಳಲ್ಲಿ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಇದೇ ಅನುಮಾನ ಅವನಿಗೂ ಇತ್ತು. ಪರಿಹಾರದ ಕೆಲಸ ಮುಗಿದ ಮೇಲೂ ಜನ ಬಂದರು. ಅದಕ್ಕೂ ಮೊದಲೇ ಯರ್ರಗುಂಟ್ಲ ಪೇರಯ್ಯ ಅನ್ನುವ ಮಾದಿಗ ವ್ಯಾಪಾರಿ, ಯೋಗದ ಗುರುಗಳ ಬೆನ್ನುಹತ್ತಿ ತಿರುಗಿದವನು, 1866ರಲ್ಲಿ ದೀಕ್ಷೆ ತಗೊಂಡು ತನ್ನ ಜನರ ನಡುವೆ ಈ ಮಾತನ್ನ ತಾನೇ ಹರಡಿದ್ದ. ಇವನನ್ನ ಯಾವ ಖಾನೆಯಲ್ಲಿ ಹಾಕೋದು? ಇವನು ಬೀಜ ಬೀಳಲಿ ಅಂತ ಬಾಯಿ ತೆರೆದು ಕೂತ ನೆಲವಲ್ಲ. ಬೀಜ ಹುಡುಕಿಕೊಂಡು ಹೊರಟ ರೈತ.

ಎರಡನೆಯದು ಕಲ್ಲುನೆಲ, ನಮ್ಮ ಮಾತಲ್ಲಿ ಮಡ್ಡಿ. ಬೇಗ ಮೊಳೆತು ಬೇಗ ಒಣಗುವ ನೆಲ. ಇದಕ್ಕೆ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಆ ಮೊದಲ ವರ್ಷಗಳಲ್ಲೇ ಕಾಲಜ್ಞಾನದ ಮಾತುಗಳನ್ನ ನಂಬಿದ ಒಂದು ಗುಂಪು ಪಾದ್ರಿಗಳನ್ನ ಹುಡುಕಿಕೊಂಡು ಬಂತು. ಪಡುವಣದಿಂದ ಗುರುಗಳು ಬರುತ್ತಾರೆ ಅನ್ನೋದು ತಮ್ಮ ಓಲೆಗಳಲ್ಲೇ ಇದೆ, ಬಂದವರು ನೀವೇ ಇರಬೇಕು ಅನ್ನೋದು ಅವರ ಲೆಕ್ಕ. ಪಾದ್ರಿಗಳು ಹಿಗ್ಗಿದರು. ಊರೂರೇ ಬರುತ್ತವೆ ಅಂದುಕೊಂಡರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಇಂಥವರನ್ನ ನೆಲೆಗೊಳಿಸಲು ಒಕ್ಕಲುತನದ ಒಂದು ವಸಾಹತೂ ಹುಟ್ಟಿತು. ಕೊನೆಗೆ ಅದು ಕೈಗೂಡಲಿಲ್ಲ, ಬಂದವರು ಚದುರಿಹೋದರು.

ಮಿಷನ್ ಕಡೆಯಿಂದ ನೋಡಿದರೆ ಇದು ಮಡ್ಡಿಯ ಮೇಲೆ ಬಿದ್ದ ಬೀಜ. ಆ ಜನರ ಕಡೆಯಿಂದ ನೋಡಿ. ಅವರು ಸುವಾರ್ತೆಯನ್ನ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ತಮ್ಮದೇ ಒಂದು ಗ್ರಂಥದ ಮುಂದಿನ ಪುಟ ಇದಿರಬಹುದಾ ಅಂತ ಕೂಡಿಸಿ ನೋಡಿದರು. ಕೂಡಲಿಲ್ಲ, ಹೊರಟರು. ಇದು ಬೇರಿಲ್ಲದವರು ಮಾಡುವ ಕೆಲಸವಲ್ಲ. ಬೇರು ಆಳವಾಗಿ ಬೇರೆ ಕಡೆ ಇರುವವರು ಮಾಡುವ ಕೆಲಸ. ಇವತ್ತಿಗೂ ಕನ್ನಡ ಬೈಬಲ್ಲಿನ ದೀಕ್ಷಾಸ್ನಾನ ಅನ್ನುವ ಶಬ್ದ ಜಮಖಂಡಿಯ ಲಿಂಗಾಯತ ಮನೆಯವರ ಕಿವಿಗೆ ಬಿದ್ದರೆ, ಅವರಿಗೆ ಮೊದಲು ನೆನಪಾಗೋದು ಲಿಂಗದೀಕ್ಷೆ. ಅನುವಾದಕ ಆ ಶಬ್ದ ಹಾಕಿದ ಗಳಿಗೆಯಲ್ಲೇ ಹನ್ನೆರಡನೇ ಶತಮಾನವೂ ಒಳಗೆ ಬಂದು ಕೂತಿದೆ. ಖಾಲಿ ನೆಲ ಅಂತ ಒಂದು ನಮ್ಮ ಸೀಮೆಯಲ್ಲಿ ಯಾವತ್ತೂ ಇರಲಿಲ್ಲ.

ಮೂರನೆಯದು ಮುಳ್ಳು. ವಿವರಣೆಯ ಪ್ರಕಾರ ಬದುಕಿನ ಚಿಂತೆ ಮತ್ತು ಹಣದ ಮೋಹ ಎರಡೂ ಮುಳ್ಳು. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಈ ಜೋಡಣೆಯ ಮೇಲೆ. ಸಾಹುಕಾರನ ದುಡ್ಡಿನ ಮೋಹ ಮತ್ತು ನೇಕಾರನ ನಾಳೆಯ ಚಿಂತೆ ಒಂದೇ ಗಿಡದ ಮುಳ್ಳಾಗೋದು ಹೇಗೆ? ರಬಕವಿ-ಬನಹಟ್ಟಿಯಲ್ಲಿ ನೂಲಿನ ದರ ಏರಿ ಸೀರೆಯ ದರ ಇಳಿದ ವಾರ, ಮಗ್ಗದ ಮನೆಯ ಚಿಂತೆ ಬೆಳೆಯ ನಡುವೆ ಹುಟ್ಟಿದ ಕಂಟಿಯಲ್ಲ. ಆ ಮನೆಯ ನೆಲವೇ ಅದು.

ನೇಕಾರರ ವಿಷಯ ಸುವಾರ್ತೆಯ ಕತೆಯಿಂದ ದೂರದ್ದಲ್ಲ. ಜಮಖಂಡಿ, ಮುಧೋಳ ಆಗ ಸಂಸ್ಥಾನಗಳು. ಪಕ್ಕದ ಬ್ರಿಟಿಷ್ ಸೀಮೆಯ ಗುಳೇದಗುಡ್ಡದಲ್ಲಿ, ಅದೇ ಖಣದ ಊರಿನಲ್ಲಿ, ಬಾಸೆಲ್ ಮಿಷನ್ 1851ರಲ್ಲಿ ಠಾಣೆ ಹೂಡಿತು. ಕರ್ನಾಟಕದ ಉದ್ದಕ್ಕೂ ಮಿಷನ್‌ಗೆ ಎದುರಾದ ಗಂಟು ಒಂದೇ: ಧರ್ಮ ಬಿಟ್ಟವನನ್ನ ಜಾತಿ ಹೊರಗೆ ಹಾಕುತ್ತದೆ, ಜಾತಿಯ ಜೊತೆಗೇ ಅವನ ಕಸುಬೂ ಹೋಗುತ್ತದೆ. ಹಾಗೆ ಹೊರಬಿದ್ದವರ ಹೊಟ್ಟೆಗಾಗಿ ಮಿಷನ್ ನೇಯ್ಗೆ ಕಾರ್ಖಾನೆಗಳನ್ನ ತೆರೆಯಿತು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನಿಮ್ಮ ಅಜ್ಜನ ಮನೆಯ ಮೇಲಿದ್ದ ಮಂಗಳೂರು ಹಂಚಿನ ಹಿಂದೆ ಈ ಕತೆ ಇದೆ. ಕಾರ್ಖಾನೆ ತೆರೆದ ಕೂಡಲೇ ಹಳೆಯ ಅನುಮಾನ ತಿರುಗಿ ಬಂತು: ಇವರು ಏಸುವಿಗಾಗಿ ಬಂದರಾ, ಪಗಾರಕ್ಕಾಗಿ ಬಂದರಾ?

ಅನ್ನ ಬೇರೆ, ದೇವರು ಬೇರೆ ಅಂತ ಬಿಡಿಸಿಟ್ಟುಕೊಂಡು ಬದುಕೋದು ಹೊಟ್ಟೆ ತುಂಬಿದವರ ಸೌಲಭ್ಯ. ಕಾಯಕವನ್ನೇ ಕೈಲಾಸ ಅಂದ ನಾಡು ನಮ್ಮದು. ಇಲ್ಲಿ ಮಗ್ಗದ ಜೊತೆಗೆ ಬಂದ ನಂಬಿಕೆಯನ್ನ ಕಳ್ಳ ನಂಬಿಕೆ ಅನ್ನೋದಾದರೆ, ಮಳೆ ಬಂದ ಮೇಲೆ ಹೊಳೆಗೆ ಬಾಗಿನ ಕೊಡುವ ನಮ್ಮ ನಂಬಿಕೆಗೆ ಏನನ್ನಬೇಕು?

ಕೊನೆಯದು ಒಳ್ಳೆ ನೆಲ. ಫಲ ಕೊಡುವ ನೆಲ. ಇಲ್ಲಿ ಮುಧೋಳ, ಜಮಖಂಡಿಯ ಹೊಲಗಳು ಒಂದು ಪಾಠ ಹೇಳುತ್ತವೆ. ಕಾಲುವೆ ನೀರು ಬಂದ ಮೇಲೆ ಕಬ್ಬಿಗೆ ಹಗಲು ರಾತ್ರಿ ನೀರು ಬಿಟ್ಟು ಬಿಟ್ಟು, ಅತ್ಯುತ್ತಮ ಎರಿ ಹೊಲಗಳೇ ಸವಳು-ಜವಳಾಗಿವೆ. ಮೇಲೆ ಉಪ್ಪು ಎದ್ದು ಬಿಳಿಚಿಕೊಂಡಿವೆ. ಅತ್ತ ಜಮಖಂಡಿ ಕಡೆಯ ಮಡ್ಡಿಯಲ್ಲಿ ಹನಿ ನೀರಾವರಿ ಹಾಕಿ ದ್ರಾಕ್ಷಿ ಬೆಳೆದವರಿದ್ದಾರೆ. ಬೀಳಗಿ ತಾಲೂಕಿನ ಎಷ್ಟೋ ಒಳ್ಳೆ ನೆಲ ಆಲಮಟ್ಟಿ ಹಿನ್ನೀರಿನ ತಳ ಸೇರಿದೆ. ಅಂದರೆ ಒಳ್ಳೆ ನೆಲ, ಕೆಟ್ಟ ನೆಲ ಅನ್ನೋದು ಹುಟ್ಟುಗುಣವಲ್ಲ. ಅದಕ್ಕೆ ಯಾರು ಏನು ಮಾಡಿದರು ಅನ್ನೋದರ ಲೆಕ್ಕ. ಒಂದು ಮಾತನ್ನ ಮೈಕು ಹಚ್ಚಿ, ಪವಾಡದ ಆಸೆ ಹಚ್ಚಿ, ಬಿಡುವಿಲ್ಲದೆ ಹರಿಸಿದರೂ ನೆಲ ಸವಳಾಗುತ್ತದೆ. ಇದು ಚರ್ಚಿಗೆ ಎಷ್ಟು ನಿಜವೋ, ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಧರ್ಮರಕ್ಷಣೆಯ ಸಂದೇಶ ಹರಿಸುವವರಿಗೂ ಅಷ್ಟೇ ನಿಜ.

ಫಲದ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಸುವಾರ್ತೆ ಕೊಟ್ಟ ದೊಡ್ಡ ಬೆಳೆಗಳು ಮಿಷನ್ನಿನ ಖಾತೆಯಲ್ಲಿ ಲಾಭ ಅಂತ ಬರೆಯುವಂಥವಲ್ಲ. ಮಂಜೇಶ್ವರದ ಗೋವಿಂದ ಪೈ 'ಗೊಲ್ಗೊಥಾ' ಬರೆದರು. ಏಸುವಿನ ಕೊನೆಯ ದಿನವನ್ನ ಕುರಿತ ಖಂಡಕಾವ್ಯ ಅದು. ಆಮೇಲೆ ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದರು. ಅವರು ಕ್ರೈಸ್ತರಾಗಲಿಲ್ಲ. ನಾಲ್ಕು ಖಾನೆಯ ಪ್ರಕಾರ ಇದು ಯಾವ ಪ್ರತಿಕ್ರಿಯೆ? ಬೀಜ ಬೇರುಬಿಟ್ಟಿದೆ, ಫಲವೂ ಇದೆ, ಸಭೆಯ ಪಟ್ಟಿಯಲ್ಲಿ ಹೆಸರು ಮಾತ್ರ ಇಲ್ಲ. ಗಾಂಧೀಜಿಯದೂ ಇದೇ ಗೋಳು. ಬೆಟ್ಟದ ಮೇಲಿನ ಪ್ರವಚನ ನೇರ ಎದೆಗೆ ತಾಗಿತು ಅಂತ ಆತ್ಮಕತೆಯಲ್ಲಿ ಒಪ್ಪಿಕೊಂಡವರು, ಮತಾಂತರವನ್ನ ಕೊನೆತನಕ ಒಪ್ಪಲಿಲ್ಲ.

ಇನ್ನು ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನ ಬಿತ್ತುವವನಾಗಿ ಬಂದ. ಕನ್ನಡ ಛಂದಸ್ಸು ಕಲಿತು 1862ರಲ್ಲಿ ಕ್ರಿಸ್ತನ ಕತೆಯನ್ನ 'ಕಥಾಮಾಲೆ'ಯಾಗಿ ಕಟ್ಟಿದ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಸಂಪಾದಿಸಿದ. 1894ರಲ್ಲಿ ನಿಘಂಟು ಬಂತು. ಬಿತ್ತಲಿಕ್ಕೆ ಬಂದವನ ಎದೆಯಲ್ಲೇ ಕನ್ನಡ ಬೇರುಬಿಟ್ಟಿತು. ನಮ್ಮ ಕಾಲದಲ್ಲೂ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ವಿರಕ್ತ ಮಠ ಅನ್ನುವ ಹೆಸರಿನಲ್ಲೇ ನೆಲೆಸಿದ್ದಾರೆ. ಅವರ ಫೋಟೊಗಳು ಜಾಲತಾಣದಲ್ಲಿ ಹರಿದಾಡಿದಾಗ ಬಹಳ ಜನ ಅದನ್ನ ವೇಷ ಅಂದರು. ಇರಬಹುದು, ಇಲ್ಲದಿರಬಹುದು. ಆದರೆ ನೆಲವೂ ಬಿತ್ತುವವನನ್ನ ಬದಲಿಸುತ್ತದೆ ಅನ್ನುವ ಸಾಧ್ಯತೆ ಆ ಗದ್ದಲದಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ.

ಈಗ ಇತಿಹಾಸ ಬಿಟ್ಟು ಒಂದು ಸಣ್ಣ ಮಾತು. ಬನಹಟ್ಟಿ ಕಡೆಯ ಒಬ್ಬ ಹೆಣ್ಮಗಳು ನನಗೆ ಗೊತ್ತು. ಮಗ್ಗದ ಮನೆ, ಗಂಡ ಕುಡಿಯುತ್ತಿದ್ದ. ಕೆಲವು ವರ್ಷದಿಂದ ವಾರಕ್ಕೊಮ್ಮೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಹಣೆಯ ವಿಭೂತಿ ಹೋಗಿಲ್ಲ, ಕಾಡಸಿದ್ಧೇಶ್ವರ ಜಾತ್ರೆಯೂ ತಪ್ಪಿಲ್ಲ. ಯಾಕೆ ಹೋಗ್ತೀರಿ ಅಕ್ಕಾ ಅಂತ ಕೇಳಿದ್ದೆ. "ಗಂಡ ಕುಡಿಯೂದ ಬಿಟ್ಟಿಲ್ಲೋ ತಮ್ಮಾ. ಖರೆ, ಅಲ್ಲಿ ನನ್ನ ಹೆಸರ ಹಿಡದು ಪ್ರಾರ್ಥನಾ ಮಾಡ್ತಾರ. ಮನ್ಯಾಗ ಯಾರರ ನನ್ನ ಹೆಸರಿಲೆ ಕರದು ಎಷ್ಟ ವರ್ಸಾತು?" ಅಂದರು.

ಇವರು ಯಾವ ನೆಲ? ಪಾದ್ರಿಗೆ ಮುಳ್ಳುನೆಲ, ಇನ್ನೂ ಹಳೆಯದನ್ನ ಬಿಟ್ಟಿಲ್ಲ. ನಿಮ್ಮ ಆಫೀಸಿನ ಊಟದ ಮೇಜಿನ ಪಂಡಿತನಿಗೆ ಇವರು ಅಕ್ಕಿ ಮೂಟೆಗೆ ಬಿದ್ದವರು, ಅಕ್ಕಿ ಮೂಟೆ ಸಿಕ್ಕಿಲ್ಲ ಅನ್ನೋದು ಬೇರೆ ಮಾತು. ಸಂಶೋಧಕನಿಗೆ ಸಮನ್ವಯದ ಉದಾಹರಣೆ. ಪವಾಡ ಆಗಲಿಲ್ಲ, ಆದರೂ ಹೋಗುತ್ತಾರೆ. ಅವರು ಕೊಟ್ಟ ಕಾರಣ ಮಾತ್ರ ಮೂವರ ಖಾನೆಯಲ್ಲೂ ಇಲ್ಲ.

ಸರ್ಕಾರದ ಖಾನೆಯೂ ಬೇರೆಯಲ್ಲ. ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರಲ್ಲಿ ಬಂತು. ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ ಶಿಕ್ಷೆ. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಮಹಿಳೆಯರು ಅಥವಾ ಪರಿಶಿಷ್ಟ ಜಾತಿ-ಪಂಗಡದವರಾಗಿದ್ದರೆ ಶಿಕ್ಷೆ ಹೆಚ್ಚು, 3ರಿಂದ 10 ವರ್ಷ. ಆ ಪಟ್ಟಿಯನ್ನ ಇನ್ನೊಮ್ಮೆ ಓದಿ. ಎಂಜಿನಿಯರಿಂಗ್ ಮುಗಿಸಿದ ದಲಿತ ಯುವಕ, ಸ್ವಂತ ಸಂಬಳದ ಮೇಲೆ ಮನೆ ನಡೆಸುವ ಹೆಣ್ಣುಮಗಳು, ಇಬ್ಬರೂ ಮಕ್ಕಳ ಮತ್ತು ಬುದ್ಧಿ ಸ್ವಾಧೀನವಿಲ್ಲದವರ ಸಾಲಿನಲ್ಲಿ. ಆಮಿಷ, ಬಲವಂತ ನಡೆಯೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ವಂಚನೆ ಯಾರು ಮಾಡಿದರೂ ವಂಚನೆಯೇ. ಆದರೆ ಯಾರ ಮನಸ್ಸು ತಾನೇ ತೀರ್ಮಾನಿಸಬಲ್ಲದು, ಯಾರದು ಯಾರೋ ಬಿತ್ತಿದ್ದನ್ನ ಬೆಳೆಯುವ ನೆಲ ಮಾತ್ರ ಅನ್ನೋದನ್ನ ಕಾಯ್ದೆ ಮೊದಲೇ ಗೀಟು ಎಳೆದು ಇಟ್ಟಿದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನ ರದ್ದು ಮಾಡುವ ತೀರ್ಮಾನ ತಗೊಂಡಿತು. ಕಾಯ್ದೆಯ ಹಿಂದಿನ ಆ ಗೀಟು ಸಂಪುಟದ ತೀರ್ಮಾನದಿಂದ ಅಳಿಯುವಂಥದ್ದಲ್ಲ.

ನಮ್ಮ ಉದ್ಯೋಗದ ಭಾಷೆಯಲ್ಲೂ ಇದು ಇದೆ. ಮಾರ್ಕೆಟಿಂಗ್ ತಂಡದ ಪರದೆಯ ಮೇಲೆ ಫನೆಲ್ ಇರುತ್ತದೆ, ಕೊನೆಯಲ್ಲಿ ಕನ್ವರ್ಷನ್ ರೇಟ್ ಇರುತ್ತದೆ. ನೂರು ಜನ ಬಂದರು, ಮೂವರು ಕೊಂಡರು, ತೊಂಬತ್ತೇಳು ಜನ ಉದುರಿದರು. ಉದುರಿದವರಲ್ಲಿ ಒಬ್ಬಳು ಎಲ್ಲ ಓದಿ, ಯೋಚಿಸಿ, ಬೇಡ ಅಂದಳು ಅನ್ನೋದನ್ನ ತೋರಿಸುವ ಖಾನೆ ಅಲ್ಲೂ ಇಲ್ಲ. ಮಿಷನ್ನಿನ ಹಳೆಯ ವರದಿ, ಘರ್‌ವಾಪ್ಸಿಯ ಇವತ್ತಿನ ಲೆಕ್ಕ, ನಮ್ಮ ಡ್ಯಾಶ್‌ಬೋರ್ಡು, ಮೂರೂ ಒಂದೇ ಮನೆತನದವು. ತಲೆ ಎಣಿಸುತ್ತವೆ, ಕಿವಿ ಎಣಿಸಲ್ಲ.

ಕಿವಿ ಅಂದೆ, ಯಾಕಂದ್ರೆ ಕತೆ ಮುಗಿಯೋದೇ ಅಲ್ಲಿ. ಮಾರ್ಕನ 4ನೇ ಅಧ್ಯಾಯವನ್ನ 13ನೇ ವಚನದಿಂದ ಶುರುವಾಗುವ ವಿವರಣೆಗೆ ಹೋಗದೆ, 9ನೇ ವಚನಕ್ಕೆ ನಿಲ್ಲಿಸಿ ಓದಿ ನೋಡಿ. ಅಲ್ಲಿ ಏಸು ಯಾರನ್ನೂ ನೀನು ಯಾವ ನೆಲ ಅಂತ ಕೇಳೋದಿಲ್ಲ. ಕಿವಿ ಇದ್ದವರು ಕೇಳಿಸಿಕೊಳ್ಳಲಿ ಅನ್ನುವ ಅರ್ಥದ ಒಂದು ಮಾತು ಹೇಳಿ ಸುಮ್ಮನಾಗುತ್ತಾನೆ. ಕತೆ ಕೇಳುಗರಿಗೆ ಕಿವಿ ಕೊಟ್ಟಿತ್ತು. ವಿವರಣೆ ಬಂದು ಅವರನ್ನ ಮಣ್ಣು ಮಾಡಿತು. ಮೂರು ಪಾಲು ಬೀಜ ಹೋದರೂ ಕತೆಯ ರೈತ ಯಾವ ನೆಲವನ್ನೂ ಬಯ್ಯೋದಿಲ್ಲ, ಮುಂಚಿತವಾಗಿ ಮಣ್ಣು ಪರೀಕ್ಷೆ ಮಾಡಿಸಿ ಇದು ಬೇಡ ಅಂತ ಬಿಡೋದೂ ಇಲ್ಲ. ಬಯ್ಯುವ ಕೆಲಸ ಆಮೇಲಿನವರದು, ಇವತ್ತು ಅದರಲ್ಲಿ ಆಸ್ತಿಕರು, ನಾಸ್ತಿಕರು, ಧರ್ಮರಕ್ಷಕರು ಎಲ್ಲರೂ ಪಾಲುದಾರರು.

ಮುಂದಿನ ಸಲ ಯಾರೋ ಯಾರೋ ಮತಾಂತರ ಆದರಂತೆ, ಅಥವಾ ಹೋಗಿ ತಿರುಗಿ ಬಂದರಂತೆ ಅನ್ನುವ ಮಾತು ಬಂದಾಗ, ಏನು ಕೊಟ್ಟರಂತೆ ಅಂತ ಕೇಳುವ ಮುಂಚೆ, ಅವರೇ ಏನಂದರಂತೆ ಅಂತ ಕೇಳಿ. ಬಹಳ ಸಲ ಉತ್ತರ ಇರೋದಿಲ್ಲ, ಯಾಕಂದ್ರೆ ಯಾರೂ ಕೇಳಿರೋದಿಲ್ಲ.